ಕಾರಿನ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಡ್‌ಲೈಟ್ ಮಾತು ಬಂದಾಗಲೆಲ್ಲ ಇವೇ ಪ್ರಶ್ನೆಗಳು ಸುತ್ತಿ ಸುತ್ತಿ ಬರುತ್ತವೆ. ಒಂದೇ ಕಡೆ ಬರೆದಿಟ್ಟರೆ ಅನುಕೂಲ ಅನ್ನಿಸಿತು. ನನಗೆ ಎಲ್‌ಇಡಿ ಮೇಲೆ ಏನೂ ಸಿಟ್ಟಿಲ್ಲ. ಆದರೆ ಹಳೆಯ ಕಾರಿನಲ್ಲಿ ಎರಡು ಜೋಡಿ ಎಲ್‌ಇಡಿ ಬಲ್ಬ್ ಹಾಕಿ ತೆಗೆದು ಕೈ ಸುಟ್ಟುಕೊಂಡಿದ್ದೇನೆ. ಒಮ್ಮೆ ನಿಜವಾಗಿಯೂ ಸುಟ್ಟಿತ್ತು, ಅದು ಮುಂದೆ ಬರುತ್ತದೆ.

ಎಲ್‌ಇಡಿ ಹಾಕಿದರೆ ರಾತ್ರಿ ರಸ್ತೆ ನಿಜವಾಗಿಯೂ ಚೆನ್ನಾಗಿ ಕಾಣುತ್ತಾ?

ಕೆಲವು ಕಾರುಗಳಲ್ಲಿ ಹೌದು. ಕೆಲವದರಲ್ಲಿ ಚೆನ್ನಾಗಿ ಕಂಡಂತೆ ಅನ್ನಿಸುತ್ತದೆ, ಅಷ್ಟೇ.

ಹೊಸ ಬಲ್ಬ್ ಹಾಕಿ ಸ್ವಿಚ್ ಒತ್ತಿದ ಕೂಡಲೇ ಬಂಪರ್ ಮುಂದಿನ ಹತ್ತು ಹದಿನೈದು ಮೀಟರ್ ರಸ್ತೆ ಬೆಳ್ಳಗೆ ಹೊಳೆಯುತ್ತದೆ. ಖುಷಿಯಾಗುತ್ತದೆ. ಆದರೆ ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಆ ಬೆಳ್ಳನೆಯ ಜಾಗದಲ್ಲಿ ಒಂದು ಗುಂಡಿ ಕಂಡರೆ, ಕಂಡಷ್ಟರಲ್ಲಿ ಅದರೊಳಗೆ ಇಳಿದಾಗಿರುತ್ತದೆ. ನಿಮಗೆ ಬೇಕಿರುವುದು 60-70 ಮೀಟರ್ ಆಚೆ ಬೀಳುವ ಬೆಳಕು. ಇಲ್ಲಿ ಇನ್ನೊಂದು ಕಿತಾಪತಿಯೂ ಇದೆ. ಹತ್ತಿರದಲ್ಲಿ ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಕುಗ್ಗುತ್ತದೆ. ದೂರದಲ್ಲಿ ಮಂದವಾಗಿ ಕಾಣುತ್ತಿದ್ದದ್ದೂ ಮಾಯವಾಗುತ್ತದೆ. ಹಾಗಾಗಿ ಬೆಳಕು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿ ಬೀಳುತ್ತಿದೆ ಅನ್ನುವುದನ್ನೇ ನೋಡಬೇಕು.

ಬಲ್ಬ್ ತಾನೇ? ಒಂದು ತೆಗೆದು ಇನ್ನೊಂದು ಹಾಕಿದರೆ ತೊಂದರೆ ಏನು?

ಮನೆಯ ಬಲ್ಬಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮನೆಯಲ್ಲಿ ಬೆಳಕು ಎಲ್ಲ ಕಡೆ ಚೆಲ್ಲಿದರೂ ಪರವಾಗಿಲ್ಲ. ಹೆಡ್‌ಲೈಟಿನಲ್ಲಿ ಬೆಳಕು ಎಲ್ಲಿ ಹೋಗಬೇಕು, ಎಲ್ಲಿ ಹೋಗಬಾರದು ಅನ್ನುವುದಕ್ಕೆ ಒಂದು ಗೆರೆ ಇದೆ. ಆ ಗೆರೆಯ ಕೆಳಗೆ ರಸ್ತೆ. ಮೇಲೆ ಎದುರಿನವರ ಕಣ್ಣು.

ಒಂದು ಹ್ಯಾಲೋಜನ್ ಬಲ್ಬನ್ನು, ಅಂದರೆ ತಂತಿ ಕಾದು ಉರಿಯುವ ಮಾಮೂಲಿ ಹೆಡ್‌ಲೈಟ್ ಬಲ್ಬನ್ನು, ಹಗಲು ಬೆಳಕಿಗೆ ಹಿಡಿದು ನೋಡಿ. ಗಾಜಿನೊಳಗೆ ಸ್ಪ್ರಿಂಗಿನಂತೆ ಸುತ್ತಿದ ಸಣ್ಣ ತಂತಿ ಕಾಣುತ್ತದೆ. ಉದ್ದ ನಾಲ್ಕೈದು ಮಿಲಿಮೀಟರ್, ದಪ್ಪ ಅದಕ್ಕಿಂತ ಎಷ್ಟೋ ಕಡಿಮೆ. ಉರಿಯುವಾಗ ಅದು ಸುತ್ತಲೂ ಬೆಳಕು ಚೆಲ್ಲುತ್ತದೆ. ಹಿಂದಿರುವ ಹೊಳಪಿನ ಬಟ್ಟಲಿನ, ಅಂದರೆ ರಿಫ್ಲೆಕ್ಟರಿನ, ಪ್ರತಿಯೊಂದು ಬಾಗೂ ಈ ತಂತಿ ಇಂಥ ಜಾಗದಲ್ಲೇ ಇರುತ್ತದೆ ಅನ್ನುವ ಲೆಕ್ಕದಲ್ಲಿ ಆಗಿರುತ್ತದೆ. ತಂತಿ ಒಂದು ಮಿಲಿಮೀಟರ್ ಆಚೀಚೆ ಆದರೂ ರಸ್ತೆಯಲ್ಲಿ ಬೆಳಕಿನ ಆಕಾರ ಬದಲಾಗುತ್ತದೆ.

ಎಲ್‌ಇಡಿ ಬಲ್ಬಿನಲ್ಲಿ ತಂತಿ ಇಲ್ಲ. ಒಂದು ತೆಳು ಪಟ್ಟಿ, ಅದರ ಎರಡು ಬದಿಗೆ ಚಿಪ್ಪುಗಳು, ಅಂದರೆ ಬೆಳಕು ಕೊಡುವ ಸಣ್ಣ ಎಲೆಕ್ಟ್ರಾನಿಕ್ ಚಿಪ್‌ಗಳು. ಬೆಳಕು ಎರಡು ಪಕ್ಕಕ್ಕೆ ಹೋಗುತ್ತದೆ. ಮೇಲೆ ಕೆಳಗೆ ಕಡಿಮೆ. ಎರಡು ಚಿಪ್ಪಿನ ನಡುವೆ ಪಟ್ಟಿಯ ದಪ್ಪ ಬೇರೆ. ರಿಫ್ಲೆಕ್ಟರಿನ ಕಣ್ಣಿಗೆ ಇದು ಒಂದು ದೀಪ ಅಲ್ಲ, ಸ್ವಲ್ಪ ದೂರದಲ್ಲಿ ನಿಂತ ಎರಡು ದೀಪ. ಒಳ್ಳೆಯ ತಯಾರಕರು ಚಿಪ್ಪನ್ನು ತಂತಿಯಷ್ಟೇ ಸಣ್ಣದು ಮಾಡಿ, ಪಟ್ಟಿಯನ್ನು ಆದಷ್ಟು ತೆಳುವಾಗಿಸಿ, ತಂತಿ ಇದ್ದ ಜಾಗದಲ್ಲೇ ಕೂರಿಸಲು ಒದ್ದಾಡುತ್ತಾರೆ. ಅಗ್ಗದ ಬಲ್ಬಿನಲ್ಲಿ ಈ ಒದ್ದಾಟವೇ ಇರುವುದಿಲ್ಲ. ದಪ್ಪ ಪಟ್ಟಿ, ದೊಡ್ಡ ಚಿಪ್ಪು, ಜಾಗ ಅಂದಾಜಿಗೆ. ಬೆಳಕಿಗೇನೂ ಬರವಿಲ್ಲ, ಆದರೆ ಅರ್ಧ ಮರದ ಕೊಂಬೆಗೆ, ಇನ್ನರ್ಧ ಎದುರಿನವರ ಮುಖಕ್ಕೆ.

ನನ್ನ ಕಾರಿನಲ್ಲಿ ಇರುವುದು ರಿಫ್ಲೆಕ್ಟರಾ, ಪ್ರೊಜೆಕ್ಟರಾ?

ದೀಪ ಆರಿಸಿ ಎದುರಿಗೆ ಕುಳಿತು ನೋಡಿ. ಕನ್ನಡಿಯಂಥ ದೊಡ್ಡ ಬಟ್ಟಲು, ಮಧ್ಯೆ ಬಲ್ಬಿನ ಮೂತಿ ಕಂಡರೆ ರಿಫ್ಲೆಕ್ಟರ್. ಮೀನಿನ ಕಣ್ಣಿನಂತೆ ಉಬ್ಬಿದ ದಪ್ಪ ಗಾಜಿನ ಗೋಲ ಕಂಡರೆ ಪ್ರೊಜೆಕ್ಟರ್.

ಪ್ರೊಜೆಕ್ಟರ್ ಒಳಗೆ ಒಂದು ಲೋಹದ ತಗಡು ಅಡ್ಡ ನಿಂತಿರುತ್ತದೆ. ಬೆಳಕಿನ ಮೇಲಿನ ಗೆರೆಯನ್ನು ಕತ್ತರಿಸುವುದು ಅದೇ. ಬಲ್ಬ್ ಬದಲಾದರೂ ಗೆರೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಎದುರಿನವರಿಗೆ ತೊಂದರೆ ಕಡಿಮೆ. ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ಹಾಕಬಹುದು ಅಂತಲ್ಲ. ಗೆರೆ ಸರಿ ಇದ್ದೂ ಗೆರೆಯ ಕೆಳಗಿನ ಬೆಳಕು ತಪ್ಪು ಜಾಗದಲ್ಲಿ ಗುಡ್ಡೆ ಬೀಳಬಹುದು. ಅಂಚಿನಲ್ಲಿ ಬೆಳಕು, ನಡುವೆ ದೂರಕ್ಕೆ ಮಂಕು.

ರಿಫ್ಲೆಕ್ಟರಿನಲ್ಲಿ ತಡೆಯುವವರು ಯಾರೂ ಇಲ್ಲ. ಬಲ್ಬ್ ಕೊಟ್ಟಿದ್ದನ್ನು ಅದು ಹಾಗೇ ಎಸೆಯುತ್ತದೆ. ನನ್ನನ್ನು ಕೇಳಿದರೆ, ರಿಫ್ಲೆಕ್ಟರಿನ ಲೋ ಬೀಮಿಗೆ, ಅಂದರೆ ನಾವು ಡಿಮ್ ಅನ್ನುವ ದೀಪಕ್ಕೆ, ಹೆಸರಿಲ್ಲದ ಎಲ್‌ಇಡಿ ಹಾಕಲೇಬಾರದು.

ಎಚ್4, ಎಚ್7, ಎಚ್11 ಅಂದರೇನು? ಯಾವುದು ಒಳ್ಳೆಯದು?

ಒಳ್ಳೆಯದು ಕೆಟ್ಟದ್ದು ಅನ್ನುವ ಮಾತಿಲ್ಲ. ಅವು ಬಲ್ಬಿನ ಅಳತೆಯ ಹೆಸರುಗಳು. ನಿಮ್ಮ ಕಾರಿನ ಕೈಪಿಡಿಯಲ್ಲಿ ಯಾವುದಿದೆಯೋ ಅದೇ ಬೇಕು. ಎಚ್7 ಮತ್ತು ಎಚ್11ರಲ್ಲಿ ಒಂದೇ ತಂತಿ, 55 ವ್ಯಾಟ್. ಎಚ್7ರ ಬೆಳಕು ಸುಮಾರು 1500 ಲುಮೆನ್ (ಬಲ್ಬ್ ಕೊಡುವ ಒಟ್ಟು ಬೆಳಕಿನ ಅಳತೆ), ಎಚ್11ರದು ಸುಮಾರು 1350. ಇವೇ ಸಂಖ್ಯೆಗಳು, ಇವುಗಳನ್ನು ನೆನಪಿಡಿ, ಮುಂದೆ ಬೇಕು.

ಎಚ್4 ಸ್ವಲ್ಪ ಬೇರೆ ಜಾತಿ. 1971ರಿಂದ ಇರುವ ಹಳೆಯ ಹುಲಿ. ಒಂದೇ ಬಲ್ಬಿನಲ್ಲಿ ಎರಡು ತಂತಿ: ಡಿಮ್ಮಿಗೆ 55 ವ್ಯಾಟ್, ಬ್ರೈಟಿಗೆ 60. ಡಿಮ್ ತಂತಿಯ ಕೆಳಗೆ ಚಮಚದ ತುದಿಯಂಥ ಪುಟ್ಟ ಲೋಹದ ಬಟ್ಟಲು ಇರುತ್ತದೆ. ಬೆಳಕು ಕೆಳಕ್ಕೆ ಹೋಗದಂತೆ ಅದು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲಿನ ಅರ್ಧ ಮಾತ್ರ ಕೆಲಸ ಮಾಡಿ ಬೆಳಕನ್ನು ರಸ್ತೆಗೆ ಇಳಿಸುತ್ತದೆ. ಎಲ್‌ಇಡಿ ಎಚ್4 ಕೊಳ್ಳುವಾಗ ಈ ಬಟ್ಟಲನ್ನು ಹುಡುಕಿ. ಅದೇ ಇಲ್ಲದಿದ್ದರೆ ಆ ಬಲ್ಬಿಗೆ ಡಿಮ್ ಅನ್ನುವುದೇ ಇಲ್ಲ.

ಡಬ್ಬಿಯ ಮೇಲೆ 20,000 ಲುಮೆನ್ ಅಂತ ಇದೆ. ನಂಬಬಹುದಾ?

ಬೇಡ. ಲೆಕ್ಕ ಸುಲಭ. ಈ ಜಾತಿಯ ಎಲ್‌ಇಡಿ ಬಲ್ಬ್ ಒಂದು ವ್ಯಾಟಿಗೆ ಸುಮಾರು 100 ಲುಮೆನ್ ಕೊಟ್ಟರೆ ಒಳ್ಳೆಯದೇ. ಆ ಲೆಕ್ಕದಲ್ಲಿ 20,000 ಲುಮೆನಿಗೆ 200 ವ್ಯಾಟ್ ಬೇಕು. ಹೆಬ್ಬೆರಳಿನಷ್ಟು ಬಲ್ಬ್ ಅಷ್ಟು ಬಿಸಿಯನ್ನು ಎಲ್ಲಿ ಹಾಕುತ್ತದೆ? ಅದೇ ಡಬ್ಬಿಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 25 ವ್ಯಾಟ್ ಅಂತ ಇರುತ್ತದೆ. ಅಂದರೆ ನಿಜವಾದ ಬೆಳಕು 2500 ಲುಮೆನ್ ಒಳಗೆ.

ಅದೂ ಕಡಿಮೆಯೇನಲ್ಲ, 1500ರ ಎಚ್7 ಜೊತೆ ಹೋಲಿಸಿ ನೋಡಿ. 1500 ಲುಮೆನ್ ಸರಿಯಾದ ಜಾಗಕ್ಕೆ ಬಿದ್ದರೆ ಸಾಕು ಅನ್ನುವ ಲೆಕ್ಕದಲ್ಲೇ ಆ ಹೆಡ್‌ಲೈಟ್ ಮಾಡಿರುವುದು. ಸುಳ್ಳು ಸಂಖ್ಯೆ ಬರೆದವರು ಚಿಪ್ಪಿನ ಜಾಗವನ್ನೂ ಹಾಗೇ ಅಂದಾಜಿಗೆ ಹಾಕಿರುತ್ತಾರೆ ಅನ್ನುವುದು ನನ್ನ ಅನುಮಾನ.

ಬಿಳಿ ಬೆಳಕು ಮಳೆಯಲ್ಲಿ ಕಾಣಿಸುವುದೇ ಇಲ್ಲ ಅನ್ನುತ್ತಾರೆ. ನಿಜವಾ?

ಅರ್ಧ ನಿಜ. ಬೆಳಕಿನ ಬಣ್ಣವನ್ನು ಕೆಲ್ವಿನ್ ಲೆಕ್ಕದಲ್ಲಿ ಹೇಳುತ್ತಾರೆ: ಸಂಖ್ಯೆ ಕಡಿಮೆಯಾದಷ್ಟೂ ಹಳದಿ, ಏರಿದಷ್ಟೂ ನೀಲಿ ಕಡೆಗೆ. ಹ್ಯಾಲೋಜನ್ ಬೆಳಕು ಸುಮಾರು 3200 ಕೆಲ್ವಿನ್, ಹಳದಿ ಕಡೆಗೆ ವಾಲುತ್ತದೆ. ಎಲ್‌ಇಡಿ ಬಲ್ಬುಗಳು ಸಾಮಾನ್ಯವಾಗಿ 6000ರಿಂದ 6500. ಬಿಳಿ ಎಲ್‌ಇಡಿ ಅನ್ನುವುದು ನಿಜವಾಗಿ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಅನ್ನುವ ಪುಡಿ ಬಳಿದಿರುತ್ತಾರೆ, ಎರಡೂ ಸೇರಿ ಬಿಳಿ. ಅದಕ್ಕೇ ಅದರಲ್ಲಿ ನೀಲಿ ಅಂಶ ಜಾಸ್ತಿ. ಆ ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ನೀಲಿ ಜಾಸ್ತಿ ಇರುವ ಬೆಳಕು ಎದುರಿನವರ ಕಣ್ಣನ್ನು ಹೆಚ್ಚು ಕುಕ್ಕುತ್ತದೆ. ಒದ್ದೆ ಟಾರು ರಸ್ತೆಯ ವಿಷಯವೇ ಬೇರೆ. ಅದು ಕಪ್ಪು ಕನ್ನಡಿಯಂತೆ. ಬೆಳಕು ನಿಮ್ಮ ಕಡೆ ವಾಪಸ್ ಬರದೆ ಮುಂದಕ್ಕೆ ಜಾರಿ ಹೋಗುತ್ತದೆ. ಯಾವ ಬಲ್ಬ್ ಇದ್ದರೂ ಮಳೆಯಲ್ಲಿ ರಸ್ತೆ ಕಪ್ಪೇ. ಎಲ್‌ಇಡಿ ಹಾಕಿದ ಮೇಲೆ ಅದು ಎದ್ದು ಕಾಣಲು ಕಾರಣ, ಒಣ ರಸ್ತೆಯಲ್ಲಿ ಬೆಳ್ಳಗೆ ನೋಡಿ ಕಣ್ಣು ಒಗ್ಗಿಹೋಗಿರುವುದು. ಮಂಜಿನಲ್ಲಿ ಮೇಲಕ್ಕೆ ಚೆಲ್ಲುವ ಬೆಳಕು ದೊಡ್ಡ ಶತ್ರು. ಮಂಜಿನ ಹನಿಗಳು ಅದನ್ನು ನಿಮ್ಮ ಮುಖಕ್ಕೇ ತಿರುಗಿಸಿ ಹೊಡೆಯುತ್ತವೆ, ಎದುರಿಗೆ ಬಿಳಿ ಗೋಡೆ ಎದ್ದಂತೆ.

ಆಯ್ಕೆ ಇದ್ದರೆ 4300ರಿಂದ 5500 ಕೆಲ್ವಿನ್ ನಡುವಿನದ್ದು ತಗೊಳ್ಳಿ. 8000 ಅಂತ ಬರೆದದ್ದನ್ನು ಮುಟ್ಟಬೇಡಿ.

ಕಾನೂನು ಏನು ಹೇಳುತ್ತದೆ?

ದೇಶದಿಂದ ದೇಶಕ್ಕೆ ಬೇರೆ. ಆದರೆ ಬಹಳ ಕಡೆ ತತ್ವ ಒಂದೇ: ಹೆಡ್‌ಲೈಟಿಗೆ ಯಾವ ಜಾತಿಯ ಬಲ್ಬಿನ ಜೊತೆ ಒಪ್ಪಿಗೆ ಸಿಕ್ಕಿದೆಯೋ ಅದನ್ನೇ ಹಾಕಬೇಕು. ನಿಮ್ಮ ಹೆಡ್‌ಲೈಟಿನ ಗಾಜಿನ ಅಂಚನ್ನು ಟಾರ್ಚ್ ಹಿಡಿದು ನೋಡಿ. ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ಅದು ವಿಶ್ವಸಂಸ್ಥೆಯ ವಾಹನ ನಿಯಮದ ಒಪ್ಪಿಗೆ ಗುರುತು. ಅಲ್ಲೇ ‘ಎಚ್‌ಸಿ’ ‘ಎಚ್‌ಆರ್’ ಅಂತ ಇದ್ದರೆ ಹ್ಯಾಲೋಜನ್ ಡಿಮ್, ಹ್ಯಾಲೋಜನ್ ಬ್ರೈಟ್. ‘ಡಿಸಿ’ ‘ಡಿಆರ್’ ಅಂದರೆ ಝೆನಾನ್, ಅಂದರೆ ತಂತಿಯಿಲ್ಲದೆ ಅನಿಲದಲ್ಲಿ ಬೆಳಕು ಬರುವ ದೀಪ. ಹ್ಯಾಲೋಜನ್ ಅಂತ ಬರೆದ ದೀಪಕ್ಕೆ ಎಲ್‌ಇಡಿ ಬಲ್ಬ್ ಹಾಕಿದ ಕೂಡಲೇ ಆ ಒಪ್ಪಿಗೆಗೆ ಅರ್ಥವಿಲ್ಲ.

ಅಪವಾದಗಳು ಇವೆ. ಜರ್ಮನಿಯಲ್ಲಿ 2020ರಲ್ಲಿ ಆಸ್ರಾಮ್ ಕಂಪನಿಯ ಎಚ್7 ಎಲ್‌ಇಡಿ ಬಲ್ಬಿಗೆ ರಸ್ತೆಯಲ್ಲಿ ಬಳಸುವ ಒಪ್ಪಿಗೆ ಸಿಕ್ಕಿತು. ಅದೂ ಎಲ್ಲ ಕಾರಿಗಲ್ಲ, ಪಟ್ಟಿಯಲ್ಲಿರುವ ಮಾದರಿಗಳಿಗೆ ಮಾತ್ರ. ಒಂದೊಂದು ಹೆಡ್‌ಲೈಟಿನಲ್ಲೂ ಹಾಕಿ, ಅಳೆದು, ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ ಅಂತ ಖಾತ್ರಿ ಮಾಡಿದ ಮೇಲೆಯೇ ಆ ಮಾದರಿ ಪಟ್ಟಿಗೆ ಸೇರುತ್ತದೆ. ಒಂದೇ ಎಚ್7 ಬಲ್ಬ್ ಒಂದು ಕಾರಿನಲ್ಲಿ ಪಾಸು, ಇನ್ನೊಂದರಲ್ಲಿ ಫೇಲು. ‘ಎಲ್ಲ ಕಾರಿಗೂ ಹೊಂದುತ್ತದೆ’ ಅನ್ನುವ ಮಾತಿಗೆ ಎಷ್ಟು ಬೆಲೆ ಅಂತ ಇದರಲ್ಲೇ ಗೊತ್ತಾಗುತ್ತದೆ ಅಲ್ವಾ?

ನಿಮ್ಮ ಕಡೆಯ ಸಾರಿಗೆ ನಿಯಮವನ್ನು, ವಿಮೆಯ ಷರತ್ತನ್ನು ಕೊಳ್ಳುವ ಮುಂಚೆ ಓದಿ. ಅಂಗಡಿಯವರ ಮಾತನ್ನೇ ಕಾನೂನು ಅಂದುಕೊಳ್ಳಬೇಡಿ.

ಹಾಗಾದರೆ ಈಗ ಬೆಳಕು ಮಂಕಾಗಿದೆ. ಎಲ್‌ಇಡಿ ಬಿಟ್ಟು ಬೇರೇನು ಮಾಡಲಿ?

ಇದು ನನ್ನ ಮೆಚ್ಚಿನ ಪ್ರಶ್ನೆ. ಯಾಕೆಂದರೆ ಬಲ್ಬ್ ಬದಲಿಸಲು ಹೊರಟ ಎಷ್ಟೋ ಕಾರುಗಳಲ್ಲಿ ತಪ್ಪು ಬಲ್ಬಿನದ್ದಲ್ಲ. ಮೂರು ಕಡೆ ನೋಡಿ.

ಮೊದಲು ಮುಂದಿನ ಮುಚ್ಚಳ. ಈಗಿನ ಹೆಡ್‌ಲೈಟಿನ ‘ಗಾಜು’ ಗಾಜಲ್ಲ, ಪಾಲಿಕಾರ್ಬನೇಟ್ ಪ್ಲಾಸ್ಟಿಕ್. ಬಿಸಿಲಿಗೆ ಅದರ ಮೇಲಿನ ರಕ್ಷಣೆಯ ಪದರ ಹಾಳಾಗಿ ಹಳದಿ ಬರುತ್ತದೆ. ಹಳದಿ ಬಂದ ಮುಚ್ಚಳದ ಹಿಂದೆ ಎಂಥ ಬಲ್ಬ್ ಹಾಕಿದರೂ ಬೆಳಕು ಚದುರುತ್ತದೆ. ಜೋರಾದ ಬಲ್ಬ್ ಹಾಕಿದರೆ ಜೋರಾಗಿ ಚದುರುತ್ತದೆ. ನೀರು ಹಾಕುತ್ತಾ 1000, 2000, 3000 ನಂಬರಿನ ಉಪ್ಪುಕಾಗದದಲ್ಲಿ ಕ್ರಮವಾಗಿ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಯಬೇಕು. ಟೂತ್‌ಪೇಸ್ಟ್ ಉಜ್ಜುವ ಉಪಾಯ ಎಲ್ಲರಿಗೂ ಗೊತ್ತು. ಹೊಳಪು ಬರುತ್ತದೆ, ಬಹಳ ದಿನ ಉಳಿಯುವುದಿಲ್ಲ, ಯಾಕೆಂದರೆ ರಕ್ಷಣೆಯ ಪದರ ವಾಪಸ್ ಬಂದಿರುವುದಿಲ್ಲ.

ಎರಡನೆಯದು ವೋಲ್ಟೇಜ್. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಬಿದ್ದುಹೋಗುತ್ತದೆ. ಎಂಜಿನ್ ಓಡುತ್ತಿರಲಿ, ದೀಪ ಹಾಕಿರಲಿ. ಬ್ಯಾಟರಿಯ ಮೇಲೆ ಮಲ್ಟಿಮೀಟರ್ (ವೋಲ್ಟೇಜ್ ಅಳೆಯುವ ಸಾಧನ) ಇಟ್ಟರೆ 14 ವೋಲ್ಟ್ ಆಸುಪಾಸು ಬರಬೇಕು. ಈಗ ಬಲ್ಬಿನ ಕನೆಕ್ಟರಿನ ಹಿಂದೆ ಅಳೆಯಿರಿ. ಅಲ್ಲಿ 12.3 ಬಂದರೆ ಮಧ್ಯೆ ಎಲ್ಲೋ ತುಕ್ಕು ಹಿಡಿದ ಅರ್ತ್, ಸುಟ್ಟ ಕನೆಕ್ಟರ್ ಅಥವಾ ಸಣ್ಣ ವೈರ್ ವೋಲ್ಟೇಜ್ ತಿನ್ನುತ್ತಿದೆ. ಹಳೆಯ ಕಾರಿನಲ್ಲಿ ಬ್ಯಾಟರಿಯಿಂದ ನೇರವಾಗಿ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಇರುವ ವೈರಿಂಗ್ ಎಳೆದರೆ, ಅದೇ ಬಲ್ಬ್ ಬೇರೆ ಬಲ್ಬಿನಂತೆ ಉರಿಯುತ್ತದೆ. ನನ್ನ ಹಳೆಯ ಕಾರಿನಲ್ಲಿ ಕೊನೆಗೆ ಕೈ ಹಿಡಿದದ್ದು ಇದೇ.

ಮೂರನೆಯದು ದೀಪದ ಎತ್ತರ. ಅದಕ್ಕೆ ಬೇರೆಯೇ ಉತ್ತರ ಇದೆ, ಕೆಳಗೆ ನೋಡಿ.

ಇಷ್ಟಾದ ಮೇಲೂ ಸಾಲದಿದ್ದರೆ ಹೊಸ ಹ್ಯಾಲೋಜನ್ ಬಲ್ಬ್ ಹಾಕಿ ನೋಡಿ. ಹಳೆಯ ಬಲ್ಬ್ ಸುಟ್ಟುಹೋಗುವ ಮುಂಚೆಯೇ ಮಂಕಾಗಿರುತ್ತದೆ.

100 ವ್ಯಾಟಿನ ಹ್ಯಾಲೋಜನ್ ಹಾಕಿಬಿಟ್ಟರೆ?

ಹಾಕಬೇಡಿ. ಬಿಸಿಗೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಟ್ಟು ಕಪ್ಪಾಗುತ್ತದೆ. ಆಮೇಲೆ ಯಾವ ಬಲ್ಬ್ ಹಾಕಿದರೂ ಅಷ್ಟೇ.

ಕೊಳ್ಳಲೇಬೇಕು ಅಂತಿದ್ದರೆ ಏನೇನು ನೋಡಲಿ?

ಚಿಪ್ಪಿನ ಸಾಲು ಹ್ಯಾಲೋಜನ್ ತಂತಿಯಷ್ಟೇ ಉದ್ದ, ಅದೇ ಜಾಗದಲ್ಲಿ ಇದೆಯಾ? ಎರಡನ್ನೂ ಪಕ್ಕಪಕ್ಕ ಹಿಡಿದರೆ ಕಣ್ಣಿಗೇ ಗೊತ್ತಾಗುತ್ತದೆ. ಚಿಪ್ಪು ಕೂತ ಪಟ್ಟಿ ತೆಳುವಾಗಿದೆಯಾ? ಎರಡೇ ಬದಿಗೆ ಚಿಪ್ಪು ಇರಲಿ. ಮೂರು ಬದಿ, ನಾಲ್ಕು ಬದಿ ಇರುವವು ಹೆಸರಿಗೆ ಜೋರು, ದಪ್ಪ ಮಾತ್ರ ಜಾಸ್ತಿ. ಕಾಲರ್, ಅಂದರೆ ಹೋಲ್ಡರಿನಲ್ಲಿ ಕೂರುವ ಬಳೆ, ತಿರುಗಿಸಿ ಬಿಗಿ ಮಾಡುವಂತಿರಬೇಕು. ಹಿಂದಿನ ಭಾಗ ನಿಮ್ಮ ಹೆಡ್‌ಲೈಟಿನ ಹಿಂಬದಿಯ ಮುಚ್ಚಳದೊಳಗೆ ಹಿಡಿಸಬೇಕು. ಇದನ್ನು ಟೇಪ್ ಹಿಡಿದೇ ಅಳೆಯಿರಿ. ಮಾರುವವರ ಫೋಟೋದಲ್ಲಿ ಎಲ್ಲ ಬಲ್ಬೂ ಚಿಕ್ಕದಾಗೇ ಕಾಣುತ್ತದೆ.

ಫ್ಯಾನ್ ಇರುವುದಾ, ಇಲ್ಲದ್ದಾ? ಫ್ಯಾನ್ ಇದ್ದರೆ ಬಿಸಿ ಚೆನ್ನಾಗಿ ಹೋಗುತ್ತದೆ, ಆದರೆ ಧೂಳಿಗೆ ಒಂದು ದಿನ ಫ್ಯಾನ್ ನಿಲ್ಲುತ್ತದೆ. ಇಲ್ಲದಿದ್ದರೆ ಕೆಡುವ ಭಾಗ ಕಡಿಮೆ, ಬೆಳಕೂ ಸ್ವಲ್ಪ ಕಡಿಮೆ. ಮುಚ್ಚಳದೊಳಗೆ ಇಕ್ಕಟ್ಟು ಇದ್ದರೆ ಎರಡೂ ಒದ್ದಾಡುತ್ತವೆ.

ನಾನೇ ಹಾಕಬಹುದಾ?

ಹಿಂದೆ ಕೈ ಹೋಗುವಷ್ಟು ಜಾಗ ಇದ್ದರೆ ಖಂಡಿತ. ದೀಪ ಆರಿಸಿ, ಕೀ ತೆಗೆಯಿರಿ, ಬಲ್ಬ್ ತಣ್ಣಗಾಗಲು ಹತ್ತು ಹದಿನೈದು ನಿಮಿಷ ಬಿಡಿ. ನಾನು ಬಿಡಲಿಲ್ಲ. ಈಗಷ್ಟೇ ಉರಿದ ಹ್ಯಾಲೋಜನ್ ಬಲ್ಬಿನ ಗಾಜು ಬೆರಳಿಗೆ ತಾಗಿ ಬೊಬ್ಬೆ ಬಂತು. ಕೈ ಹಿಂದೆಳೆದ ರಭಸಕ್ಕೆ ಬಲ್ಬ್ ಎಂಜಿನ್ ಸಂದಿಯಲ್ಲಿ ಬಿತ್ತು, ಅದನ್ನು ಹುಡುಕಲು ಅರ್ಧ ಗಂಟೆ.

ಹೆಡ್‌ಲೈಟಿನ ಹಿಂಬದಿಯ ಮುಚ್ಚಳ ತೆಗೆಯಿರಿ. ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಹಿಡಿದು ಆಚೀಚೆ ಅಲ್ಲಾಡಿಸುತ್ತಾ ಬಿಡಿಸಿ. ಎಚ್4, ಎಚ್7ರಲ್ಲಿ ಮುಂದಿನ ಕೆಲಸ ಸಾಮಾನ್ಯವಾಗಿ ತಂತಿಯ ಕ್ಲಿಪ್ಪಿನದ್ದು. ಅದನ್ನು ಬಹಳ ಸಲ ಕಣ್ಣಿಂದ ನೋಡಲಾಗುವುದಿಲ್ಲ, ಬೆರಳಿನಲ್ಲೇ ಅರ್ಥ ಮಾಡಿಕೊಳ್ಳಬೇಕು. ಒಳಕ್ಕೆ ಒತ್ತಿ, ಪಕ್ಕಕ್ಕೆ ಸರಿಸಿ, ಬಿಡಿ. ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡರೆ ವಾಪಸ್ ಹಾಕುವಾಗ ಪುಣ್ಯ ಬರುತ್ತದೆ.

ಈಗ ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಎಲ್‌ಇಡಿಯ ಎರಡು ಚಿಪ್ಪುಗಳು ಎಡಕ್ಕೂ ಬಲಕ್ಕೂ ಮುಖ ಮಾಡಿರಬೇಕು. ಗಡಿಯಾರದ 3 ಮತ್ತು 9ರ ಕಡೆ ಅಂದುಕೊಳ್ಳಿ. ಮೇಲಕ್ಕೂ ಕೆಳಕ್ಕೂ ಮುಖ ಮಾಡಿದರೆ ಬೆಳಕಿನ ಗೆರೆ ಕದಡಿಹೋಗುತ್ತದೆ. ಕಾಲರನ್ನು ಹೊರಗೇ ಸಡಿಲಿಸಿ, ತಿರುಗಿಸಿ, ಬಿಗಿ ಮಾಡಿ. ಎಚ್4ರಲ್ಲಿ ಆ ಪುಟ್ಟ ಬಟ್ಟಲು ಕೆಳಗಡೆ ಇರಬೇಕು. ಬಲ್ಬ್ ಕೂತ ಮೇಲೆ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಕ್ಲಿಪ್ ಸರಿಯಾಗಿ ಬಿದ್ದಿಲ್ಲ.

ದೀಪ ಹತ್ತಲೇ ಇಲ್ಲವಾ? ಗಾಬರಿ ಬೇಡ. ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ. ಕೆಲವು ಬಲ್ಬುಗಳಿಗೆ ಕನೆಕ್ಟರ್ ತಿರುಗಿಸಿ ಹಾಕಿದರೆ ಸಾಕು.

ಹಿಂದಿನ ರಬ್ಬರ್ ಮುಚ್ಚಳ ಕೂರುತ್ತಿಲ್ಲ. ತೂತು ಮಾಡಲಾ? ಬಿಟ್ಟುಬಿಡಲಾ?

ಬಿಡಬೇಡಿ. ನನ್ನ ಮೊದಲ ಜೋಡಿಯಲ್ಲಿ ನಾನು ಬಿಟ್ಟೆ. ‘ಒಂದು ಮುಚ್ಚಳ ತಾನೇ’ ಅಂದುಕೊಂಡೆ. ಎರಡು ಮಳೆಗೆ ಒಳಗೆ ಹಬೆ, ಮೂರನೆಯದಕ್ಕೆ ತಳದಲ್ಲಿ ನೀರು. ಧೂಳು ಹೋಗಿ ರಿಫ್ಲೆಕ್ಟರ್ ಮೇಲೆ ಕೂತಿತು. ಅದನ್ನು ಒರೆಸಲು ಹೋದರೆ ಹೊಳಪೇ ಎದ್ದು ಬಟ್ಟೆಗೆ ಅಂಟಿತು.

ಮಾಮೂಲಿ ಮುಚ್ಚಳ ಹಿಡಿಸದಿದ್ದರೆ ಆ ಬಲ್ಬ್ ನಿಮ್ಮ ಕಾರಿಗೆ ಅಲ್ಲ ಅಂತ ಅರ್ಥ. ಕೆಲವು ಮಾದರಿಗಳಿಗೆ ಉದ್ದನೆಯ ಮುಚ್ಚಳ ಸಿಗುತ್ತದೆ, ಅದಾದರೆ ಸರಿ. ಕತ್ತರಿಸಿ ತೂತು ಮಾಡಿದ ರಬ್ಬರನ್ನು ಎಷ್ಟು ಸಿಲಿಕಾನ್ ಹಚ್ಚಿ ಮುಚ್ಚಿದರೂ ನನಗೆ ಧೈರ್ಯ ಇಲ್ಲ.

ಬೆಳಕಿನ ಎತ್ತರ ಸರಿ ಇದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ಸಮ ನೆಲ, ಒಂದು ಗೋಡೆ, ಒಂದು ಟೇಪು ಸಾಕು. ಟೈರಿನ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಸ್ಟೀರಿಂಗ್ ಪಕ್ಕದಲ್ಲಿ ದೀಪದ ಎತ್ತರ ಬದಲಿಸುವ, 0ಯಿಂದ 3ರವರೆಗೆ ತಿರುಗುವ ಪುಟ್ಟ ಚಕ್ರ ಇದ್ದರೆ 0ಯಲ್ಲಿ ಇಡಿ.

ಕಾರನ್ನು ಗೋಡೆಗೆ ಮೂತಿ ತಾಗುವಷ್ಟು ಹತ್ತಿರ ನಿಲ್ಲಿಸಿ. ಎರಡೂ ದೀಪಗಳ ಮಧ್ಯಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಟೇಪಿನಿಂದ ಗುರುತು ಮಾಡಿ. ಈಗ ನೇರವಾಗಿ 10 ಮೀಟರ್ ಹಿಂದಕ್ಕೆ ಬನ್ನಿ. ಡಿಮ್ ಹಾಕಿ. ಬೆಳಕಿನ ಮೇಲಿನ ಗೆರೆ ಆ ಗುರುತಿಗಿಂತ ಸುಮಾರು 10 ಸೆಂ.ಮೀ. ಕೆಳಗೆ ಇರಬೇಕು. ಇದು ಶೇಕಡಾ 1ರ ಇಳಿಜಾರು. ಜಾಗ ಇಲ್ಲದಿದ್ದರೆ 5 ಮೀಟರಿನಲ್ಲಿ 5 ಸೆಂ.ಮೀ. ಹೆಡ್‌ಲೈಟಿನ ಹತ್ತಿರ ‘1.0%’ ಅಥವಾ ‘1.2%’ ಅಂತ ಚೀಟಿ ಇದ್ದರೆ ಅದನ್ನೇ ನಂಬಿ.

ಈ ಒಂದು ಶೇಕಡಾಕ್ಕೆ ಇಷ್ಟು ಗಲಾಟೆ ಯಾಕೆ? ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆ ಅನ್ನಿ. ಶೇಕಡಾ 1 ಇಳಿಜಾರಿದ್ದರೆ ಬೆಳಕಿನ ಗೆರೆ 65 ಮೀಟರಿನಲ್ಲಿ ನೆಲ ಮುಟ್ಟುತ್ತದೆ. ಅರ್ಧ ಶೇಕಡಾ ಆದರೆ 130 ಮೀಟರ್. ಸೊನ್ನೆ ಆದರೆ ನೆಲ ಮುಟ್ಟುವುದೇ ಇಲ್ಲ, ನೇರ ಹೋಗುತ್ತಿರುತ್ತದೆ. ಗೋಡೆಯ ಮೇಲೆ ಎರಡು ಬೆರಳಿನ ವ್ಯತ್ಯಾಸ ರಸ್ತೆಯಲ್ಲಿ ಎಷ್ಟೋ ಮೀಟರ್.

ಹ್ಯಾಲೋಜನ್ ಇರುವಾಗಲೇ ಇದನ್ನು ಒಮ್ಮೆ ಮಾಡಿ, ಫೋಟೋ ತೆಗೆದಿಡಿ. ಎಲ್‌ಇಡಿ ಹಾಕಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೊಂದು ಫೋಟೋ. ಗೆರೆ ಮೊದಲಿನಷ್ಟೇ ಚೂಪಾಗಿದ್ದು ಸ್ವಲ್ಪ ಮೇಲೆ ಕೆಳಗೆ ಆಗಿದ್ದರೆ ಹೆಡ್‌ಲೈಟಿನ ಎತ್ತರ ಹೊಂದಿಸುವ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. ಗೆರೆಯೇ ಕದಡಿ, ಮೇಲೆಲ್ಲ ಮಬ್ಬು ಬೆಳಕು ಹರಡಿದ್ದರೆ ಯಾವ ಸ್ಕ್ರೂವೂ ಸರಿ ಮಾಡುವುದಿಲ್ಲ. ಬಲ್ಬ್ ತೆಗೆಯಿರಿ.

ಎದುರಿನವರು ಪದೇ ಪದೇ ಡಿಪ್ ಹೊಡೆಯುತ್ತಾರೆ. ನನ್ನದು ಡಿಮ್ಮಿನಲ್ಲೇ ಇದೆಯಲ್ಲ?

ಅವರಿಗೆ ನಿಮ್ಮ ಡಿಮ್ಮು ಬ್ರೈಟಿನಂತೆ ಕಾಣುತ್ತಿದೆ. ಸ್ಟೀರಿಂಗ್ ಹಿಂದೆ ಕೂತವರಿಗೆ ಇದು ಎಂದೂ ತಿಳಿಯುವುದಿಲ್ಲ.

ನನಗೆ ತಿಳಿದದ್ದು ಹೀಗೆ. ಎರಡನೆಯ ಜೋಡಿ ಹಾಕಿದ ವಾರ ಗೆಳೆಯನೊಬ್ಬ ನನ್ನ ಕಾರು ತೆಗೆದುಕೊಂಡು ಹೋಗಿದ್ದ. ರಾತ್ರಿ ಅವನು ವಾಪಸ್ ಬರುವಾಗ ನಾನು ರಸ್ತೆ ಬದಿಯಲ್ಲಿ ನಿಂತಿದ್ದೆ. ದೂರದಿಂದಲೇ ಎರಡು ಬಿಳಿ ಉಂಡೆಗಳು. ಕಾರು ಯಾವುದು, ರಸ್ತೆಯ ಅಂಚು ಎಲ್ಲಿ, ಏನೂ ಕಾಣಲಿಲ್ಲ. ‘ಯಾರಪ್ಪ ಇವನು’ ಅಂತ ಕೈ ಅಡ್ಡ ಹಿಡಿದು ಬೈದುಕೊಂಡೆ. ಕಾರು ಪಕ್ಕಕ್ಕೆ ಬಂದು ನಿಂತಾಗ ಅದು ನನ್ನದೇ. ಕಾರು ನಿಂತ ಮೇಲೂ ಕೆಲವು ಸೆಕೆಂಡು ಕಣ್ಣೆದುರು ಹಸಿರು ಕಲೆ ತೇಲುತ್ತಿತ್ತು. ವಯಸ್ಸಾದವರಿಗೆ ಕಣ್ಣು ಸರಿಹೋಗಲು ಇನ್ನೂ ಹೊತ್ತು ಬೇಕು. ಮಾರನೆಯ ಬೆಳಗ್ಗೆ ಬಲ್ಬ್ ತೆಗೆದೆ.

ನೀವೂ ಇದನ್ನೇ ಮಾಡಿ. ನಿಮ್ಮ ಕಾರನ್ನು ಬೇರೆಯವರು ಓಡಿಸಲಿ, ನೀವು ಇನ್ನೊಂದು ಕಾರಿನಲ್ಲಿ ಕೂತು ಎದುರಿಗೆ ಬನ್ನಿ. ಗೋಡೆ ಪರೀಕ್ಷೆಗಿಂತ ಇದು ಖಡಕ್. ಹಿಂದಿನ ಸೀಟು, ಡಿಕ್ಕಿ ತುಂಬಿದ್ದರೆ ಕಾರಿನ ಮೂತಿ ಎತ್ತುತ್ತದೆ, ಆಗ ಸ್ಟೀರಿಂಗ್ ಪಕ್ಕದ ಆ ಪುಟ್ಟ ಚಕ್ರವನ್ನು 2ಕ್ಕೋ 3ಕ್ಕೋ ತಿರುಗಿಸುವುದನ್ನು ಮರೆಯಬೇಡಿ. ಸಂಖ್ಯೆ ಏರಿದಷ್ಟೂ ಬೆಳಕು ಇಳಿಯುತ್ತದೆ.

ಡ್ಯಾಶ್‌ಬೋರ್ಡಿನಲ್ಲಿ ‘ಬಲ್ಬ್ ಹೋಗಿದೆ’ ಅಂತ ಬರುತ್ತಿದೆ. ಬೆಳಕು ಮಿನುಗುತ್ತಿದೆ.

ಕಾರಿನ ಕಂಪ್ಯೂಟರ್ 55 ವ್ಯಾಟ್ ಎಳೆಯುವ ಬಲ್ಬನ್ನು ಹುಡುಕುತ್ತಿದೆ. ಎಲ್‌ಇಡಿ 25 ಎಳೆಯುತ್ತದೆ. ಬಲ್ಬ್ ಸತ್ತಿದೆ ಅಂತ ಅದರ ತೀರ್ಮಾನ. ಮಿನುಗಲು ಕಾರಣ, ಕೆಲವು ಕಾರುಗಳು ಕರೆಂಟನ್ನು ಸೆಕೆಂಡಿಗೆ ನೂರಾರು ಸಲ ಕೊಟ್ಟು ನಿಲ್ಲಿಸಿ ಕೊಡುತ್ತವೆ. ಹ್ಯಾಲೋಜನ್ ತಂತಿ ಆ ಸಂದಿಯಲ್ಲಿ ತಣ್ಣಗಾಗುವುದಿಲ್ಲ, ಎಲ್‌ಇಡಿ ತಕ್ಷಣ ಆರುತ್ತದೆ.

ಇದಕ್ಕೆ ಕ್ಯಾನ್‌ಬಸ್ ಡಿಕೋಡರ್ ಅಂತ ಒಂದು ಡಬ್ಬಿ ಸಿಗುತ್ತದೆ, ಬಲ್ಬ್ ಸರಿ ಇದೆ ಅಂತ ಕಾರಿನ ಕಂಪ್ಯೂಟರನ್ನು ನಂಬಿಸುವುದು ಅದರ ಕೆಲಸ. ಒಳ್ಳೆಯದಾದರೆ ಕೆಲಸ ಮಾಡುತ್ತದೆ. ಅಗ್ಗದ ದಾರಿ ಅಂದರೆ ರೆಸಿಸ್ಟರ್, ಕೊರತೆಯಾದ ಕರೆಂಟನ್ನು ತಾನೇ ಎಳೆದು ಕಂಪ್ಯೂಟರನ್ನು ಸುಮ್ಮನಾಗಿಸುವ ಬಿಡಿಭಾಗ. 6 ಓಮಿನ ರೆಸಿಸ್ಟರ್ 13.5 ವೋಲ್ಟಿಗೆ 30 ವ್ಯಾಟ್ ತಿಂದು ಸುಮ್ನೆ ಬಿಸಿಯಾಗುತ್ತದೆ. ಉಳಿಸಿದ ಕರೆಂಟೆಲ್ಲ ಅಲ್ಲೇ ಹೋಯಿತು. ಅದನ್ನು ಪ್ಲಾಸ್ಟಿಕ್ಕಿಗೋ ವೈರಿಗೋ ಕಟ್ಟಿದರೆ ಕರಗುವುದು ಖಂಡಿತ, ಲೋಹದ ಮೈಗೇ ಸ್ಕ್ರೂ ಹಾಕಬೇಕು.

ದೀಪ ಹಾಕಿದರೆ ರೇಡಿಯೋ ಗೊರಗೊರ ಅನ್ನುತ್ತದೆ!

ಬಲ್ಬಿನ ಡ್ರೈವರ್ ಡಬ್ಬಿ, ಅಂದರೆ ಎಲ್‌ಇಡಿಗೆ ಕರೆಂಟ್ ಹದಮಾಡಿ ಕೊಡುವ ಡಬ್ಬಿ, ರೇಡಿಯೋ ತರಂಗ ಉಗುಳುತ್ತಿದೆ. ವೈರಿಗೆ ಫೆರೈಟ್ ಬಳೆ (ಇಂಥ ತರಂಗ ತಡೆಯುವ ಉಂಗುರ) ಹಾಕಿದರೆ ಸ್ವಲ್ಪ ಕಡಿಮೆಯಾಗಬಹುದು. ನಾನಾದರೆ ಬಲ್ಬ್ ವಾಪಸ್ ಕೊಡುತ್ತೇನೆ. ರೇಡಿಯೋ ಕೆಡಿಸುವ ಬಲ್ಬ್ ಬೇರೆ ಕಡೆಯೂ ಕಾಸು ಉಳಿಸಿರುತ್ತದೆ.

ಹಾಕಿದಾಗ ಜೋರು, ಹತ್ತು ನಿಮಿಷ ಆದ ಮೇಲೆ ಮಂಕು. ಯಾಕೆ?

ಬಿಸಿ. ಹ್ಯಾಲೋಜನ್ ತನ್ನ ಬಿಸಿಯನ್ನು ಬೆಳಕಿನ ಜೊತೆ ಮುಂದಕ್ಕೆ ಎಸೆಯುತ್ತದೆ. ಎಲ್‌ಇಡಿಯ ಬಿಸಿ ಚಿಪ್ಪಿನ ಬುಡದಲ್ಲೇ ಉಳಿದು ಹಿಂದಿನ ಲೋಹದ ರೆಕ್ಕೆಗಳಿಂದ ಹೋಗಬೇಕು. ಹೋಗಲು ದಾರಿ ಇಲ್ಲದಿದ್ದರೆ ಡ್ರೈವರ್ ತಾನೇ ಕರೆಂಟ್ ಇಳಿಸಿ ಚಿಪ್ಪನ್ನು ಕಾಪಾಡುತ್ತದೆ. ಹಾಗೆ ಕಾಪಾಡದ ಬಲ್ಬ್ ಸತ್ತೇ ಹೋಗುತ್ತದೆ. ಗೋಡೆಯ ಮೇಲೆ ನೋಡುವಾಗ ಹಾಕಿದ ಕೂಡಲೇ ನೋಡಬೇಡಿ, ಕಾಲು ಗಂಟೆ ಉರಿಯಲು ಬಿಟ್ಟು ನೋಡಿ.

ಇದರ ಇನ್ನೊಂದು ಮುಖ: ಹಿಮ ಬೀಳುವ ಜಾಗದಲ್ಲಿ ಹ್ಯಾಲೋಜನ್ ಬಿಸಿಗೆ ಮುಂದಿನ ಮುಚ್ಚಳದ ಹಿಮ ಕರಗುತ್ತಿತ್ತು. ಎಲ್‌ಇಡಿಯಲ್ಲಿ ಮುಚ್ಚಳ ತಣ್ಣಗೇ ಇರುತ್ತದೆ, ಹಿಮ ಅಲ್ಲೇ ಕೂರುತ್ತದೆ. ಕೈಯಲ್ಲೇ ಒರೆಸಬೇಕು.

ಬ್ರೈಟಿಗೆ ಮಾತ್ರ, ಅಥವಾ ಫಾಗ್ ಲ್ಯಾಂಪಿಗೆ ಮಾತ್ರ ಎಲ್‌ಇಡಿ ಹಾಕಿದರೆ?

ಬ್ರೈಟಿಗೆ ಬೇರೆ ಬಲ್ಬ್ ಇರುವ ಕಾರಿನಲ್ಲಿ ಅಪಾಯ ಕಡಿಮೆ. ಎದುರಿಗೆ ಯಾರಾದರೂ ಬಂದಾಗ ಹೇಗೂ ಆರಿಸುತ್ತೀರಿ. ಆದರೆ ಬ್ರೈಟಿನ ಕೆಲಸ ದೂರ ಮುಟ್ಟುವುದು. ಚಿಪ್ಪಿನ ಜಾಗ ತಪ್ಪಿದರೆ ಬೆಳಕು ಅಗಲಕ್ಕೆ ಹರಡಿ, ದೂರ ಮೊದಲಿಗಿಂತ ಕಡಿಮೆಯೂ ಆಗಬಹುದು. ಕಾನೂನಿನ ಮಾತು ಇದಕ್ಕೂ ಅನ್ವಯ.

ಫಾಗ್ ಲ್ಯಾಂಪ್ ವಿಷಯದಲ್ಲಿ ಜನ ಸಲೀಸಾಗಿರುತ್ತಾರೆ. ಕೆಳಗಿದೆ, ಚಿಕ್ಕದು, ಏನಾಗುತ್ತದೆ ಅಂತ. ಅದಕ್ಕೂ ಮೇಲಿನ ಗೆರೆ ಇದೆ. ಅದು ಕೆಟ್ಟರೆ ಮಂಜಿನ ದೀಪ ಮಂಜಿನಲ್ಲೇ ಕೈಕೊಡುತ್ತದೆ.

ಬಲ್ಬ್ ಬದಲು ಪೂರ್ತಿ ಎಲ್‌ಇಡಿ ಹೆಡ್‌ಲೈಟನ್ನೇ ಹಾಕಿಸಿದರೆ?

ಖರ್ಚು ಜಾಸ್ತಿ, ದಾರಿ ಸರಿ. ಕಾರು ಕಂಪನಿಗಳು 2007ರ ಹೊತ್ತಿಗೆ ಎಲ್‌ಇಡಿ ಹೆಡ್‌ಲೈಟ್ ಕೊಡಲು ಶುರು ಮಾಡಿದಾಗ ಹಳೆಯ ಬಟ್ಟಲಿಗೆ ಹೊಸ ಬಲ್ಬ್ ತುರುಕಲಿಲ್ಲ. ಚಿಪ್ಪಿಗೆ ತಕ್ಕಂತೆ ಲೆನ್ಸು, ಬಿಸಿಗೆ ತಕ್ಕಂತೆ ಹಿಂಭಾಗ ಎಲ್ಲವನ್ನೂ ಹೊಸದಾಗಿ ಮಾಡಿದರು. ನಿಮ್ಮ ಕಾರಿನ ಮೇಲಿನ ದರ್ಜೆಯ ಮಾದರಿಯಲ್ಲಿ ಕಂಪನಿಯದ್ದೇ ಎಲ್‌ಇಡಿ ದೀಪ ಇದ್ದರೆ, ಅದು ನಿಮ್ಮದಕ್ಕೆ ಕೂರುತ್ತದೆಯಾ, ವೈರಿಂಗ್ ಹೊಂದುತ್ತದೆಯಾ ವಿಚಾರಿಸಿ. ಒಂದು ಎಚ್ಚರ: ವಾಹನ ಎಡಕ್ಕೆ ಓಡುವ ದೇಶದ ದೀಪ, ಬಲಕ್ಕೆ ಓಡುವ ದೇಶದ ದೀಪ ಬೇರೆ ಬೇರೆ. ಬೆಳಕಿನ ಗೆರೆ ರಸ್ತೆಯ ಅಂಚಿನ ಕಡೆ ಮೇಲಕ್ಕೆ ಏರುತ್ತದೆ. ತಪ್ಪು ದೇಶದ್ದು ತಂದರೆ ಆ ಏರು ನೇರವಾಗಿ ಎದುರಿನವರ ಕಡೆಗೆ.

ಎಲ್‌ಇಡಿಯಿಂದ ಪೆಟ್ರೋಲ್ ಉಳಿಯುತ್ತಾ?

ಎರಡು ಬಲ್ಬ್ ಸೇರಿ 60 ವ್ಯಾಟ್ ಉಳಿದರೆ ಹೆಚ್ಚು. ಟೈರಿನ ಗಾಳಿ ಸರಿ ಇಟ್ಟರೆ ಅದಕ್ಕಿಂತ ಜಾಸ್ತಿ ಉಳಿಯುತ್ತದೆ.

ತೆಗೆದ ಹಳೆಯ ಹ್ಯಾಲೋಜನ್ ಬಲ್ಬುಗಳನ್ನು ಏನು ಮಾಡಲಿ?

ಎಸೆಯಬೇಡಿ. ಹೊಸ ಬಲ್ಬಿನ ಡಬ್ಬಿಯಲ್ಲೇ ಹಾಕಿ ಕಾರಿನಲ್ಲಿಡಿ. ಎಲ್‌ಇಡಿಯ ಡ್ರೈವರ್ ನಡುರಾತ್ರಿ ಕೈಕೊಟ್ಟರೆ ಮನೆ ಮುಟ್ಟಿಸುವುದು ಅವೇ. ವಾಪಸ್ ಹಾಕುವಾಗ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ. ಬುಡದ ಲೋಹವನ್ನೇ ಹಿಡಿಯಿರಿ. ಅಪ್ಪಿತಪ್ಪಿ ಮುಟ್ಟಿದರೆ ಸ್ಪಿರಿಟ್ ಹಾಕಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ.